ನದಿಯಡಿಯ ಊರಿನ ಜೆಲ್ಮಿನಾ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಾ ಮರ್ಜೋನದ ಪಂಪುಮನೆಯ ಮುಂದೆ ಮಂಜು ಎಷ್ಟು ದಟ್ಟವಾಗಿ ನಿಂತಿದೆಯೆಂದರೆ ಜೆಲ್ಮಿನಾ ಕ್ರೆಪಾಲ್ದಿ ಅವರ ಸೊಂಟದಿಂದ ಕೆಳಗೆ ಏನೂ ಕಾಣುವುದಿಲ್ಲ. ಕೈಯಲ್ಲಿ ಉದ್ದ ಹಿಡಿಯ, ಕಬ್ಬಿಣದ ಹಲ್ಲುಗಳ ಕುಂಟೆ. ಕಾಲುವೆಯ ಬಾಯಿಗೆ ಅಡ್ಡಲಾಗಿ ಕೂರಿಸಿದ ಸಲಾಕೆಗಳ ಮೇಲೆ ಅದನ್ನು ಇಳಿಬಿಟ್ಟು, ಮೈಭಾರವೆಲ್ಲ ಹಾಕಿ ಮೇಲಕ್ಕೆ ಎಳೆಯುತ್ತಾರೆ. ಜೊಂಡು, ಕೊಳೆತ ಎಲೆ, ಪ್ಲಾಸ್ಟಿಕ್ ಬಾಟಲಿ, ಒಂದು ಸತ್ತ ನೀರುಹೆಗ್ಗಣ. ಎಲ್ಲವನ್ನೂ ಪಕ್ಕದ ತೊಟ್ಟಿಗೆ ಕೊಡವಿ ಮತ್ತೆ ಇಳಿಸುತ್ತಾರೆ.

ಒಳಗೆ ಪಂಪುಗಳು ಗುಡುಗುತ್ತಿವೆ. ಗೋಡೆ ನಡುಗುತ್ತದೆ, ಕಾಲ ಕೆಳಗಿನ ನೆಲ ನಡುಗುತ್ತದೆ, ಬಾಯಿ ತೆರೆದರೆ ಹಲ್ಲೂ ನಡುಗುತ್ತದೆ. ಇದ್ದಕ್ಕಿದ್ದಂತೆ ಜೆಲ್ಮಿನಾ ಕುಂಟೆಯನ್ನು ಹಾಗೇ ಹಿಡಿದು ನಿಲ್ಲುತ್ತಾರೆ. ಕತ್ತು ಸ್ವಲ್ಪ ಎಡಕ್ಕೆ ವಾಲುತ್ತದೆ.

“ನಿಂಗೇನಾದ್ರೂ ಕೇಳಿಸ್ತಾ?” ಎಂದು, ಅವರ ಕತೆ ಬರೆದುಕೊಳ್ಳಲು ಬಂದಿರುವ ನನ್ನನ್ನು ಕೇಳುತ್ತಾರೆ.

“ಪಂಪು ಬಿಟ್ಟು ಬೇರೇನಿಲ್ಲ.”

“ಸರಿ ಹಾಗಾದ್ರೆ. ಕೇಳಿಸಿದ್ರೆ ಹೇಳ್ಬಿಡು, ನಾಚ್ಕೋಬೇಡ.”

ಅಷ್ಟರಲ್ಲಿ ನಮ್ಮ ತಲೆಯ ಮೇಲೆ ಒಂದು ದೀಪ ಹಾದುಹೋಗುತ್ತದೆ. ಮರಳು ತುಂಬಿದ ದೋಣಿ. ನದಿ ಇರುವುದು ಅಲ್ಲಿ ಮೇಲೆ, ಏರಿಯ ಆಚೆ. ನಾವಿರುವುದು ಅದರ ಬುಡದಲ್ಲಿ. ದೋಣಿಯವನು ಕೆಮ್ಮುವುದು, ಯಾರಿಗೋ ಬೈಯುವುದು, ಎಲ್ಲ ನೆತ್ತಿಯ ಮೇಲಿಂದ ಕೇಳಿ ಮೆಲ್ಲನೆ ಪೂರ್ವಕ್ಕೆ ಕರಗುತ್ತದೆ. ಜೆಲ್ಮಿನಾ ತಲೆಯೆತ್ತಿಯೂ ನೋಡುವುದಿಲ್ಲ.

ನಮ್ಮ ರೋವಿಗೊ ಜಿಲ್ಲೆಯಲ್ಲಿ ಹುಟ್ಟಿದವರು ಯಾರೂ ನೋಡುವುದಿಲ್ಲ. ಉತ್ತರಕ್ಕೆ ಆದಿಜೆ ನದಿ, ದಕ್ಷಿಣಕ್ಕೆ ಪೋ ನದಿ, ನಡುವೆ ಹಳೇ ಹಾಸಿಗೆಯ ಗುಳಿಯ ಹಾಗೆ ನಾವು. ನಾನು ಬೆಳೆದ ಆದ್ರಿಯಾ ಒಂದು ಕಾಲಕ್ಕೆ ಬಂದರು ಪಟ್ಟಣ. ಆದ್ರಿಯಾಟಿಕ್ ಸಮುದ್ರಕ್ಕೆ ಹೆಸರು ಕೊಟ್ಟ ಊರು. ಹೆಸರು ಇಸಿದುಕೊಂಡ ಸಮುದ್ರ ದೂರ ಸರಿದಿದೆ, ಅದನ್ನು ನೋಡಲು ಈಗ ಬಸ್ಸು ಹತ್ತಿ ಹೋಗಬೇಕು. ನಾನೂರು ವರ್ಷದ ಹಿಂದೆ ವೆನಿಸ್‌ನವರು ತಮ್ಮ ಹಿನ್ನೀರಿಗೆ ಹೂಳು ಬಾರದಿರಲೆಂದು ಪೋ ನದಿಗೆ ಹೊಸ ದಾರಿ ಕಡಿದು ದಕ್ಷಿಣಕ್ಕೆ ತಿರುಗಿಸಿದರು. ಹೊಸ ದಾರಿಯಲ್ಲಿ ನದಿ ತಂದು ಸುರಿದ ಮಣ್ಣೇ ಹೊಸ ನೆಲವಾಯಿತು. ಅದರ ಜೌಗನ್ನು ಬತ್ತಿಸಿ ಗೋಧಿ ಬಿತ್ತಿದರು. ಕಳೆದ ಶತಮಾನದ ನಡುವಿನಲ್ಲಿ ಆ ನೆಲದಡಿಯ ಅನಿಲವನ್ನೂ ಹೀರಿದರು. ಅನಿಲದ ಜೊತೆಗೆ ಒಳನೀರೂ ಬಂತು, ನೆಲ ಕುಸಿಯತೊಡಗಿತು. ಸಾಕು ನಿಲ್ಲಿಸಿ ಎಂದು ಅಪ್ಪಣೆ ಬರುವ ಹೊತ್ತಿಗೆ ಎಷ್ಟೋ ಕಡೆ ಒಂದಾಳುದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಹೊಲಗಳು ಸಮುದ್ರಕ್ಕಿಂತ ಕೆಳಗೆ, ನದಿಗಳು ಮನೆಯ ಮಾಡಿಗಿಂತ ಮೇಲೆ.

ಹಾಗಾಗಿ ಇಲ್ಲಿ ಬಿದ್ದ ಮಳೆ ತಾನಾಗಿ ಹೊರಗೆ ಹೋಗುವುದಿಲ್ಲ. ಯಾರಾದರೂ ಎತ್ತಿ ನದಿಗೆ ಸುರಿಯಬೇಕು. ಕಾ ಮರ್ಜೋನದ ಹೊಲಗಳ ಪಾಲಿಗೆ ಆ ಯಾರಾದರೂ ಎಂದರೆ ಅರವತ್ತು ದಾಟಿದ ಜೆಲ್ಮಿನಾ. ಮೊದಲು ಅವರ ತಂದೆ ಒತ್ತೊರೀನೊ ಈ ಕೆಲಸದಲ್ಲಿದ್ದರು. ಅವರ ಎದೆ ಕೆಟ್ಟಾಗ ಮಗಳು ಕುಂಟೆ ಹಿಡಿದಳು. ಹೊಸಬರು ಯಾರೂ ಬರಲಿಲ್ಲ, ಕುಂಟೆ ಕೈಯಲ್ಲೇ ಉಳಿಯಿತು.

“ಮದುವೆ?” ಎಂದು ಕೇಳಿದೆ.

“ಒಬ್ಬ ಬಂದಿದ್ದ, ಲೊರೇಯೊ ಕಡೆಯವ್ನು. ಒಂದು ಭಾನುವಾರ ಊಟಕ್ಕೆ ಕರೆದಿದ್ವಿ. ಅವತ್ತು ಭಾರೀ ಮಳೆ, ಎಲ್ಲಾ ಪಂಪೂ ಓಡ್ತಿತ್ತು. ಮದುವೆ ಮಾತು ಎತ್ತೋಕೆ ಬಂದಿದ್ದನಂತೆ. ಎತ್ತಿದ್ನೋ ಏನೋ, ನಂಗೆ ಕೇಳಿಸ್ಲೇ ಇಲ್ಲ!” ಜೆಲ್ಮಿನಾ ನಗುತ್ತಾರೆ. “ಹಾವುಮೀನು ಮಾತ್ರ ಚೆನ್ನಾಗಿ ತಿಂದ.”

ಅವರ ದಿನ ಹೀಗೆ: ಸಲಾಕೆಗೆ ಸಿಕ್ಕ ಕಸ ಬಳಿಯುವುದು, ಮೋಟಾರಿಗೆ ಎಣ್ಣೆ, ಕಾಲುವೆಯಲ್ಲಿ ನೀರು ಎಷ್ಟಿದೆ ಎಂದು ನೋಡುವುದು, ಏರಿಯ ಬುಡದಲ್ಲಿ ಒಸರು ಇದೆಯೇ ಎಂದು ಬಗ್ಗಿ ನೋಡುತ್ತಾ ನಡೆಯುವುದು, ಮತ್ತೆ ಸಲಾಕೆ. ಮಳೆ ಹಿಡಿದರೆ ಹಬ್ಬವಿಲ್ಲ, ನಿದ್ದೆಯಿಲ್ಲ. ಸಲಾಕೆಗೆ ಏನೇನೋ ಬಂದು ಸಿಕ್ಕಿಕೊಳ್ಳುತ್ತದೆ. ಬಾಗಿಲು ಬಂದಿದೆ, ಗೊಂಬೆ ಬಂದಿದೆ, ಮೂಗು ಮುರಿದ ಮಾತೆ ಮರಿಯಳ ವಿಗ್ರಹ ಬಂದಿದೆ.

“ಮನುಷ್ಯರೂ ಬಂದಿದಾರೆ,” ಎನ್ನುತ್ತಾರೆ ಜೆಲ್ಮಿನಾ, ಕುಂಟೆಯ ಹಲ್ಲಿನಿಂದ ಜೊಂಡು ಬಿಡಿಸುತ್ತಾ. “ಮಂಜಲ್ಲಿ ದಾರಿ ತಪ್ಪಿದೋರು, ಬೇಕೂಂತ ಬಿದ್ದೋರು. ಮುಖ ಒರೆಸ್ತೀನಿ. ಪೊಲೀಸ್ನೋರು ಬರೋವರೆಗೆ ಪಕ್ಕದಲ್ಲೇ ಕೂತಿರ್ತೀನಿ. ಅಷ್ಟು ದೂರ ಒಬ್ರೇ ಬಂದಿರ್ತಾರೆ, ಪಾಪ. ಮತ್ತೆ ಒಬ್ರೇ ಬಿಡೋದು ಹೇಗೆ?”

ಪಂಪುಮನೆಗೆ ಅಂಟಿಕೊಂಡಂತೆಯೇ ಅವರ ವಾಸದ ಮನೆ. ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಕುರ್ಚಿಯಲ್ಲಿ ಜೆಲ್ಮಿನಾರ ತಾಯಿ ನೀವೆಸ್ ಕೂತಿರುತ್ತಾರೆ. ಊರಿಗೆಲ್ಲ ಅವರು ನೋನಾ, ಅಂದರೆ ಅಜ್ಜಿ. ಎಂಬತ್ತು ದಾಟಿ ಬಹಳ ಕಾಲವಾಗಿದೆ. ಸುಟ್ಟ ಪೊಲೆಂತದ, ಅಂದರೆ ಮೆಕ್ಕೆಜೋಳದ ಮುದ್ದೆಯ, ತುಂಡನ್ನು ಹಾಲಿಗೆ ಅದ್ದಿ ನಿಧಾನವಾಗಿ ತಿನ್ನುತ್ತಾರೆ. ಕಿವಿ ಮಂದ, ಆದರೆ ಮಾತು ಚುರುಕು.

ನವೆಂಬರಿನಲ್ಲಿ ಸತ್ತವರ ದಿನದ ಹಿಂದಿನ ಸಂಜೆ ನಮ್ಮ ಕಡೆ ಅಡುಗೆಮನೆಯ ಮೇಜಿನ ಮೇಲೆ ಒಂದು ಹೂಜಿ ನೀರಿಡುತ್ತಾರೆ. ದೂರದಿಂದ ನಡೆದು ಬರುವವರಿಗೆ ಬಾಯಾರಿರುತ್ತದೆಯಲ್ಲ. ನೀವೆಸ್ ಮಾತ್ರ ನೀರಿಡುವುದಿಲ್ಲ. ಮಡಿಸಿದ ಒಂದು ಒಣ ಟವೆಲು ಇಡುತ್ತಾರೆ.

“ನಮ್ಮೋರಿಗೆ ನೀರ್ಯಾಕೆ?” ಎನ್ನುತ್ತಾರೆ ಅಜ್ಜಿ. “ಕುಡಿದಿದ್ದು ಸಾಲ್ದಾ?”

೧೯೫೧ರ ನವೆಂಬರ್. ಪೋ ನದಿಯ ಏರಿ ಮೇಲ್ಗಡೆ ಎಲ್ಲೋ ಒಡೆದಾಗ ನೀವೆಸ್‌ಗೆ ಹನ್ನೆರಡು ವರ್ಷ. ಕಾ ಮರ್ಜೋನಕ್ಕೆ ನೀರು ತಲುಪಲು ಸಮಯ ಹಿಡಿಯಿತು. ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಎಷ್ಟು ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

“ಅಪ್ಪ ನಮ್ಮನ್ನ ಕೊಟ್ಟಿಗೆ ಮಾಡು ಹತ್ತಿಸಿದ್ರು,” ಎಂದು ನೀವೆಸ್ ಶುರುಮಾಡುತ್ತಾರೆ. ನೂರು ಸಲ ಹೇಳಿದ ಕತೆ ಇರಬೇಕು, ಆದರೂ ಕೈಯಲ್ಲಿದ್ದ ಪೊಲೆಂತ ಹಾಲಿನ ಬಟ್ಟಲಲ್ಲೇ ಉಳಿಯುತ್ತದೆ. “ನೀರು ಸದ್ದಿಲ್ಲದೆ ಬಂತು ನೋಡು. ಮೊದ್ಲು ಕೋಳಿ ಸುಮ್ಮನಾದ್ವು, ಆಮೇಲೆ ಹಸು. ಬೆಳಗಾದ್ಮೇಲೆ ಏನು, ಬರೀ ಮಂಜು. ಮೇಲೂ ಬಿಳಿ, ಕೆಳಗೂ ಬಿಳಿ. ಪಕ್ಕದಲ್ಲಿ ಕೂತ ಅಪ್ಪನ ಮುಖ ಕಾಣ್ತಿರ್ಲಿಲ್ಲ. ಆದ್ರೆ ದನಿ ಮಾತ್ರ ಎಲ್ಲಾ ಕಡೆಯಿಂದ್ಲೂ ಬರ್ತಿತ್ತು. ಎಲ್ಲಾ ಮನೆ ಮಾಡಿನ ಮೇಲಿಂದ್ಲೂ ಜನ ಕರೀತಿದ್ರು. ‘ಓ...ಏ, ವೆನ್ಯೀ! ವೆನ್ಯೀ!’ ಬನ್ನೀ ಬನ್ನೀ ಅಂತ. ದೋಣಿಯೋರಿಗೆ ಕೇಳಿಸ್ಲಿ ಅಂತ. ನಾವೂ ಕರೀತಿದ್ವಿ. ಒಂದೊಂದೇ ದನಿ ನಿಂತು ಹೋಗೋದು. ಯಾರನ್ನೋ ದೋಣಿ ಕರ್ಕೊಂಡು ಹೋಯ್ತು ಅಂದ್ಕೊಳ್ತಿದ್ವಿ. ಹಾಗೇ ಅಂದ್ಕೋಬೇಕಿತ್ತು.”

ಅವರ ಮನೆಗೆ ಹತ್ತಿರದ ಮಾಡು ಅರ್ಜಿಯಾ ಎಂಬ ಹೆಂಗಸಿನದು. ಗಂಡ ಬೆಲ್ಜಿಯಂ ದೇಶದ ಕಲ್ಲಿದ್ದಲ ಗಣಿಗೆ ದುಡಿಯಲು ಹೋಗಿದ್ದ, ಅವಳೊಬ್ಬಳೇ ಇದ್ದಳು. ನೀವೆಸ್‌ಗೆ ಹೆಣೆಯಲು ಕಲಿಸಿದ್ದವಳು ಅವಳೇ.

“ಅವ್ಳು ನನ್ನ ಹೆಸರು ಹಿಡಿದು ಕರೀತಿದ್ಲು. ‘ನೀವೆಸ್, ಇದೀಯಾ?’ ‘ಇದೀನಿ ಅರ್ಜಿಯಾ!’ ಅಂತ ನಾನು. ಅಷ್ಟಾದ್ರೆ ಇಬ್ರಿಗೂ ಸಮಾಧಾನ. ಎರಡನೇ ದಿನ ನನ್ನ ಗಂಟಲು ಬಿದ್ದೋಯ್ತು. ಬಾಯಿ ಆಡಿಸ್ತೀನಿ, ಬರೀ ಗಾಳಿ. ಅಪ್ಪ ಜ್ವರದಲ್ಲಿ ಮಲಗಿದ್ರು. ಅವ್ಳು ಕರೀತಾನೇ ಇದ್ಲು. ‘ನೀವೆಸ್, ಇದೀಯಾ? ಇದೀಯೇನೇ?’ ನಾನು ಕೈ ತಟ್ಟಿದೆ, ಕಾಲು ಬಡಿದೆ. ಒದ್ದೆ ಹುಲ್ಲಿನ ಮಾಡು, ಸದ್ದು ಬರುತ್ತಾ? ನಾವು ಸತ್ವಿ ಅಂದ್ಕೊಂಡಿರ್ಬೇಕು. ಆಮೇಲೆ ನನ್ನ ಹೆಸರು ಬಿಟ್ಬಿಟ್ಲು. ಬರೀ ಓ...ಏ, ವೆನ್ಯೀ.”

ದೋಣಿ ಬಂದಾಗ ಮೊದಲು ಸಿಕ್ಕಿದ್ದು ಇವರ ಕೊಟ್ಟಿಗೆಯ ಮಾಡು. ನೀವೆಸ್ ಅರ್ಜಿಯಾಳ ಮನೆಯತ್ತ ಕೈ ತೋರಿಸಿದಳು. ದೋಣಿಯವರು ಹುಡುಕಿದರು. ಅಲ್ಲಿ ಮಾಡೂ ಇರಲಿಲ್ಲ, ಅರ್ಜಿಯಾಳೂ ಇರಲಿಲ್ಲ. ನೀರಿಳಿದ ಮೇಲೂ ಸಿಗಲಿಲ್ಲ. ಕೆಲವು ವರ್ಷಕ್ಕೆ ಅದೇ ಜಾಗದ ಮೇಲೆ ಈಗಿನ ಕಾಲುವೆ ತೋಡಿದರು. ಅರ್ಜಿಯಾಳ ಹಿತ್ತಿಲು ಎಲ್ಲಿತ್ತು ಎಂದು ತೋರಿಸುವುದಕ್ಕೆ ನೀವೆಸ್ ಮತ್ತೆಂದೂ ಆ ಕಡೆ ಹೋಗಲಿಲ್ಲ. ಮಗಳಿಗೆ ಮಾತ್ರ ಚಿಕ್ಕಂದಿನಿಂದ ಒಂದು ಮಾತು ಹೇಳುತ್ತಿದ್ದರು: ಯಾರಾದರೂ ಕರೆದರೆ ಯಾರು ಎಂದು ಕೇಳುತ್ತಾ ನಿಲ್ಲಬೇಡ, ಹೋಗು.

ಆ ಮಾತು ಜೆಲ್ಮಿನಾರಿಗೆ ದುಬಾರಿಯಾಯಿತು.

ಕೆಲವು ವರ್ಷಗಳ ಹಿಂದೆ, ನವೆಂಬರಿನಲ್ಲೇ, ಸಂತ ಮಾರ್ತೀನರ ಹಬ್ಬ ಮುಗಿದ ವಾರ. ಮೂರು ದಿನದಿಂದ ಬಿಡದ ಮಳೆ ಆಗಷ್ಟೇ ನಿಂತು ಮಂಜು ಇಳಿದಿತ್ತು. ಎಲ್ಲ ಪಂಪುಗಳೂ ಮೈಮುರಿದು ಓಡುತ್ತಿದ್ದವು. ಬೆಳಗಿನ ಜಾವ ಸಲಾಕೆ ಬಳಿಯುತ್ತಿದ್ದ ಜೆಲ್ಮಿನಾರಿಗೆ ಯಾರೋ ಕರೆದಂತಾಯಿತು.

“ಕಿವಿಗೆ ಬಿತ್ತು ಅನ್ನೋದಕ್ಕಿಂತ, ಹೇಗೆ ಹೇಳ್ಲಿ, ಪಂಪಿನ ಸದ್ದಿನ ಕೆಳಗೆ ಅದು ಮೊದಲಿಂದ್ಲೂ ಇತ್ತು, ನಂಗೆ ಆಗ ಗೊತ್ತಾಯ್ತು, ಅಷ್ಟೆ. ಹೆಂಗಸಿನ ದನಿ. ಸರಿಯಾಗಿ ಕೇಳ್ಬೇಕು ಅಂದ್ರೆ ಪಂಪು ನಿಲ್ಲಿಸ್ಬೇಕು. ನಿಲ್ಲಿಸ್ದೆ.”

ಮಳೆ ನೀರು ತುಂಬಿರುವಾಗ ಪಂಪು ನಿಲ್ಲಿಸುವುದೆಂದರೆ ಇಲ್ಲಿ ಮಾಡಬಾರದ ಕೆಲಸ. ಹಳೇ ಪಂಪುಗಳು ಒಮ್ಮೆ ನಿಂತರೆ ಒಳಗೆ ಗಾಳಿ ಹೊಕ್ಕು ಮತ್ತೆ ನೀರು ಹಿಡಿಯಲು ಮೊಂಡು ಮಾಡುತ್ತವೆ. ಜೆಲ್ಮಿನಾ ಲಾಂದ್ರ ಹಿಡಿದು ಕಾಲುವೆಯ ಎರಡೂ ದಡ ಅಲೆದರು. ಯಾರೂ ಇರಲಿಲ್ಲ. ವಾಪಸು ಬಂದು ಗುಂಡಿ ಒತ್ತಿದರೆ ದೊಡ್ಡ ಪಂಪು ಹಿಡಿಯಲಿಲ್ಲ. ಅದು ಹಿಡಿಯುವ ಹೊತ್ತಿಗೆ ತಗ್ಗಿನ ಹೊಲಗಳಲ್ಲಿ ಮೊಣಕಾಲುದ್ದ ನೀರು. ಎಲ್ಲಕ್ಕಿಂತ ತಗ್ಗಿನ ಹೊಲ ಅರ್ತೇಮಿಯೊ ಸಿವಿಯೆರೊ ಅವರದು. ಜೆಲ್ಮಿನಾ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ಕೊಯ್ಲಿಗೆ ಬಂದಿದ್ದ ಅವರ ಕೆಂಪು ರಾದಿಕ್ಯೊ ಸೊಪ್ಪು ನಿಂತಲ್ಲೇ ಕೊಳೆಯಿತು. ಆ ವಾಸನೆ ಕ್ರಿಸ್ಮಸ್‌ವರೆಗೂ ಊರಲ್ಲಿತ್ತಂತೆ.

“ಅದು ಗುಡುಗು ಬಿದ್ರೂ ಕೇಳಿಸದ ಜಾಗ,” ಎಂದು ಅರ್ತೇಮಿಯೊ ನನಗೆ ಹೇಳಿದರು. “ಅಲ್ಲಿ ನಿಂತ್ಕೊಂಡು ಇವ್ಳಿಗೆ ಯಾರೋ ಕರೆದ್ರಂತೆ! ನಂಗೆ ಎಷ್ಟು ಸಿಟ್ಟು ಬಂದಿತ್ತು ಅಂದ್ರೆ, ದೇವರೇ.”

ಸಿಟ್ಟು ಗೇಲಿಯಾಯಿತು. ಜೆಲ್ಮಿನಾ ಬ್ರೆಡ್ಡು ತರಲು ಹೋದರೆ ಪಕ್ಕದ ಕಾಫಿ ಅಂಗಡಿಯ ಮೆಟ್ಟಿಲಿಂದ ಅರ್ತೇಮಿಯೊ ಕೂಗುತ್ತಿದ್ದರು. “ಏನ್ ಜೆಲ್ಮಾ, ಇವತ್ಯಾರು ಕರೆದ್ರು? ಪೋಪ್ ಸ್ವಾಮಿಗಳಾ?” ಒಳಗಿನಿಂದ ಮತ್ತೊಬ್ಬ: “ಲೊರೇಯೊ ಗಂಡು ಇರ್ಬೇಕು ಬಿಡೋ, ಇನ್ನೂ ಕೇಳ್ತಿದಾನೆ!” ಎಲ್ಲರ ನಗು. ಜೆಲ್ಮಿನಾ ತಾವೂ ನಕ್ಕು ಬ್ರೆಡ್ಡು ಹಿಡಿದು ಬರುತ್ತಿದ್ದರು. ಆಮೇಲಾಮೇಲೆ ಬ್ರೆಡ್ಡನ್ನು ಪಕ್ಕದೂರಿನಿಂದ ತರತೊಡಗಿದರು. ಮೇಲಿನವರು ಕರೆಸಿ, ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಬೇಕಾಗುತ್ತದೆ ಎಂದರು. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಮನೆ ಪಂಪಿನದು.

ಕಳೆದ ನವೆಂಬರಿನಲ್ಲಿ ಅದು ಮತ್ತೆ ಕರೆಯಿತು.

ಈ ಸಲವೂ ಮಳೆಯ ಮಾರನೆಯ ಬೆಳಗು, ಈ ಸಲವೂ ಮಂಜು. ಜೆಲ್ಮಿನಾ ಕುಂಟೆ ಹಿಡಿದು ನಿಂತರು. ಇಲ್ಲ, ಏನಿಲ್ಲ ಎಂದುಕೊಂಡು ಮತ್ತೆ ಸಲಾಕೆ ಬಳಿದರು. ಮತ್ತೆ ಕರೆಯಿತು.

“ನಾನು ಕುಂಟೇನ ಜೋರಾಗಿ ಬಡಿದೆ, ಆ ಸದ್ದಲ್ಲಿ ಇದು ಕೇಳಿಸದೆ ಇರ್ಲಿ ಅಂತ. ಹಾಡು ಹೇಳ್ಕೊಂಡೆ. ನಗ್ಬೇಡ, ನಿಜವಾಗ್ಲೂ ಹಾಡು ಹೇಳ್ಕೊಂಡೆ. ಅಮ್ಮನ್ನ ಈ ವಯಸ್ಸಲ್ಲಿ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಅದೇ ತಲೇಲಿ. ಆದ್ರೆ ಆ ದನಿ, ಅದು ಹೆದರಿಸೋ ದನಿ ಅಲ್ಲ. ಬಹಳ ಹೊತ್ತಿಂದ ಕರೆದೂ ಕರೆದೂ ಸುಸ್ತಾಗಿರೋ ದನಿ. ‘ಓ...ಏ, ವೆನ್ಯೀ.’ ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಒಳಗೆ ಹೋಗಿ ಎಲ್ಲಾ ಗುಂಡೀನೂ ಒತ್ತಿಬಿಟ್ಟೆ.”

ಪಂಪುಗಳು ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಗೋಡೆ ನಡುಗುವುದು ನಿಂತಿತು. ಮಾಡಿನಿಂದ ಹನಿ ಬೀಳುವುದೂ ಜೆಲ್ಮಿನಾರಿಗೆ ಕೇಳಿಸಿತು. ಕರೆ ಮಾತ್ರ ಇಲ್ಲ. ಪಂಪಿನ ಸದ್ದಿನೊಂದಿಗೆ ಅದೂ ನಿಂತುಹೋಗಿತ್ತು. ಯಾವ ಕಡೆಯಿಂದ ಬಂದಿತ್ತು ಎಂಬುದಷ್ಟೇ ನೆನಪಿತ್ತು. ಮೂರು ಪಾಪ್ಲರ್ ಮರಗಳಿರುವ ತಿರುವು. ಜೆಲ್ಮಿನಾ ಅತ್ತ ಓಡಿದರು. ಬಾಯಿಯಿಂದ ಒಂದು ಮಾತೂ ಹೊರಡಲಿಲ್ಲ, ಅಷ್ಟು ಹೆದರಿಕೆಯಾಗಿತ್ತು.

ತಿರುವಿನಲ್ಲಿ, ಕಾಲುವೆಯ ಕಾಂಕ್ರೀಟು ಅಂಚಿಗೆ ಒಂದು ಹಳೇ ಕಬ್ಬಿಣದ ಬಳೆಯಿದೆ, ದೋಣಿ ಕಟ್ಟಲು ಹಾಕಿದ್ದು. ಅದರಲ್ಲಿ ಎರಡು ಕೈಗಳು ಕಂಡವು. ಕೈಗಳ ಕೆಳಗೆ ಮೂಗು, ಕಣ್ಣು. ಬಾಯಿ ನೀರೊಳಗೆ.

ಆ ಮನುಷ್ಯ ಮೊಫಿಜುಲ್. ಬಾಂಗ್ಲಾದೇಶದವನು, ನಮ್ಮ ಕಡೆ ಬಂದು ಆಗ ಕೆಲವೇ ತಿಂಗಳು. ಅರ್ತೇಮಿಯೊರ ಹೊಲಕ್ಕೆ ಸೊಪ್ಪು ಕೊಯ್ಯಲು ಸೈಕಲ್ಲಿನಲ್ಲಿ ಹೋಗುತ್ತಿದ್ದವನಿಗೆ ಮಂಜಿನಲ್ಲಿ ತಿರುವು ಕಾಣಲಿಲ್ಲ. ಕಾಲುವೆಗೆ ಬಿದ್ದ. ಚಳಿಯ ಕೋಟು ನೀರು ಕುಡಿದು ಕೆಳಕ್ಕೆ ಜಗ್ಗಿತು, ಪಂಪುಗಳ ಸೆಳೆತ ಸಲಾಕೆಯ ಕಡೆಗೆ ಎಳೆಯಿತು. ಬಳೆ ಕೈಗೆ ಸಿಕ್ಕಿದ್ದೊಂದೇ ಪುಣ್ಯ. ಜೆಲ್ಮಿನಾ ಅವನ ಕೋಟಿನ ಕಾಲರಿಗೆ ಕುಂಟೆಯ ಹಲ್ಲು ಸಿಕ್ಕಿಸಿ, ಮಂಡಿಯೂರಿ, ಜೊಂಡು ಎಳೆದಂತೆ ಎಳೆದು ದಡಕ್ಕೆ ಹಾಕಿದರು. ಒಲೆಯ ಪಕ್ಕ ಕೂರಿಸಿ, ಕಾಫಿಗೆ ಗ್ರಾಪಾ ಬೆರೆಸಿ ಕೊಡಲು ಹೋದಾಗ ಅವನು ಸಾರಾಯಿ ಬೇಡವೆಂದು ತಲೆಯಾಡಿಸಿದ. ಬಿಸಿ ಹಾಲು ಕೊಟ್ಟರು. ಪಂಪು ಶುರುಮಾಡಲು ಓಡಿದರು. ಈ ಸಲವೂ ಒಂದು ಪಂಪು ಮೊಂಡು ಹಿಡಿಯಿತು, ಈ ಸಲವೂ ತಗ್ಗಿನ ಹೊಲಕ್ಕೆ ನೀರು ಬಂತು.

ಮೊಫಿಜುಲ್‌ನನ್ನು ನಾನು ಸೊಪ್ಪು ತೊಳೆಯುವ ಕೊಟ್ಟಿಗೆಯಲ್ಲಿ ಕಂಡೆ. ಮೂವತ್ತರ ಆಸುಪಾಸು, ನಗುಮುಖ. ಆ ಬೆಳಗಿನ ಮಾತೆತ್ತಿದರೆ ಕೈಯಲ್ಲಿದ್ದ ಸೊಪ್ಪು ಕೆಳಗಿಡುತ್ತಾನೆ.

“ನಾನು ಕರೀಲಿಲ್ಲ,” ಎನ್ನುತ್ತಾನೆ. “ಹೇಗೆ ಕರೀಲಿ? ಬಾಯಿ ಬಿಟ್ರೆ ನೀರು. ಕೈ ಮರಗಟ್ಟಿ ಹೋಗಿತ್ತು. ನಿದ್ದೆ ಬರ್ತಿತ್ತು. ಬಿಟ್ಬಿಡೋಣ ಅನ್ನಿಸ್ತಿತ್ತು. ಆದ್ರೆ ಜೆಲ್ಮಿನಾ ಅಮ್ಮಾವ್ರು ಕರೀತಾನೇ ಇದ್ರು. ಕಣ್ಣು ಮುಚ್ಚಿದ್ರೆ ಸಾಕು, ಮತ್ತೆ ಕರೆಯೋರು. ಓ...ಏ, ವೆನ್ಯೀ, ವೆನ್ಯೀ. ಅರ್ಥ ಗೊತ್ತಿರ್ಲಿಲ್ಲ ನಂಗೆ. ಆ ಪದ ಆಮೇಲೆ ಕಲ್ತೆ. ಆದ್ರೂ ಯಾರೋ ನಿದ್ದೆ ಮಾಡ್ಬೇಡ ಅಂತಿದಾರೆ ಅನ್ನಿಸ್ತು. ಆಮೇಲೆ ನೀರು ಎಳೆಯೋದು ನಿಂತೋಯ್ತು. ಅವರು ಬಂದ್ರು.”

ಅವತ್ತೇ, ಒಲೆಯ ಪಕ್ಕ ಹಲ್ಲು ಕಟಕಟಿಸುತ್ತಾ ಅವನು ಜೆಲ್ಮಿನಾರ ಕೈ ಹಿಡಿದು ಇದನ್ನೇ ಹೇಳಿದ್ದ: ನೀವು ಕರೆಯುತ್ತಿದ್ದಿರಲ್ಲ, ಅದಕ್ಕೇ ಬದುಕಿದೆ.

“ನಾನು ತುಟಿ ಬಿಚ್ಚಿರ್ಲಿಲ್ಲ,” ಎಂದು ನನಗೆ ಹೇಳುವಾಗ ಅವರ ದನಿ ತಗ್ಗುತ್ತದೆ. “ಯಾರೋ ಕರೆದ್ರು ಅಂತ ನಾನು ಓಡಿದೆ. ನಾನೇ ಕರೆದೆ ಅಂತ ಅವನು ಹಿಡ್ಕೊಂಡಿದ್ದ. ಇಬ್ರೂ ಕರೆದಿಲ್ಲ.”

ಅಡುಗೆಮನೆಯಲ್ಲಿ ನೀವೆಸ್ ಎಲ್ಲವನ್ನೂ ಕೇಳುತ್ತಿದ್ದರು. ಮಂದ ಕಿವಿಗೆ ಆ ದಿನ ಒಂದಕ್ಷರವೂ ತಪ್ಪಲಿಲ್ಲ.

“ಎಲ್ಲಿ ಸಿಕ್ಕಿದ ಇವ್ನು?” ಎಂದು ಕೇಳಿದರು.

“ಮೂರು ಪಾಪ್ಲರ್ ತಿರುವಲ್ಲಿ, ಅಮ್ಮ.”

ಅಜ್ಜಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ, “ಅರ್ಜಿಯಾ ಹಿತ್ತಿಲು ಅದು,” ಎಂದರು. “ಆ ಮರದ ಸಾಲು ಅವಳ ಮಾವ ನೆಟ್ಟಿದ್ದು.”

ಮಾರನೆಯ ಬೆಳಗ್ಗೆ ಜೆಲ್ಮಿನಾ ಎದ್ದಾಗ ತಾಯಿ ಆಗಲೇ ಚರ್ಚಿಗೆ ಹೋಗುವ ಕರೀ ಕೋಟು ಹಾಕಿಕೊಂಡು, ಹೆಣೆದ ಶಾಲು ಹೊದ್ದು, ಬಾಗಿಲ ಬಳಿ ಕೂತಿದ್ದರು. ಕರ್ಕೊಂಡು ಹೋಗು ಎಂದರು. ಎಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಕಾಲಿಡದ ಕಡೆಗೆ, ಒಂದು ಕಡೆ ಮಗಳ ತೋಳು, ಒಂದು ಕಡೆ ಕೃತಜ್ಞತೆ ಹೇಳಲು ಬಂದಿದ್ದ ಮೊಫಿಜುಲ್‌ನ ತೋಳು ಹಿಡಿದು ನಡೆದರು. ಮಂಜು ಹಾಗೇ ಇತ್ತು. ತಿರುವಿನಲ್ಲಿ ನಿಂತು ಅಜ್ಜಿ ಎರಡು ಸಲ ಬಾಯಿ ತೆರೆದರು. ದನಿ ಬರಲಿಲ್ಲ. ಮೂರನೇ ಸಲ ಬಂತು. ತೆಳ್ಳಗೆ, ಒಡೆದ ದನಿ, ಹನ್ನೆರಡರ ಹುಡುಗಿಯ ದನಿಯಂತೆ.

“ಅರ್ಜಿಯಾ! ಇದೀನಿ! ಇದೀನಿ ಕಣೇ!”

ಕಾಲುವೆಯ ಮೇಲೆ ದನಿ ಹೋಯಿತು. ಮರಗಳಿಂದ ಹನಿ ಬಿತ್ತು. ನೀವೆಸ್ ಕಿವಿಗೊಟ್ಟು ನಿಂತರು. ಆಮೇಲೆ ಯಾರೋ ಎದುರಿಗೇ ನಿಂತಿದ್ದಾರೆ ಎನ್ನುವಂತೆ ಮಾಮೂಲಿ ದನಿಯಲ್ಲಿ, “ಚಳಿ ಸಾಕು, ಬಾ ಮನೆಗೆ,” ಎಂದರು. ಹೊದ್ದಿದ್ದ ಶಾಲು ತೆಗೆದು ಆ ಕಬ್ಬಿಣದ ಬಳೆಯ ಮೇಲೆ ಹಾಕಿದರು. ಹಿಂತಿರುಗಿ ಬರುವಾಗ ದಾರಿಯುದ್ದಕ್ಕೂ ಅಜ್ಜಿ ಕಾಲುವೆಯ ಬದಿಯಲ್ಲಿ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು ನಡೆದರು ಎನ್ನುತ್ತಾನೆ ಮೊಫಿಜುಲ್. ಅವನಿಗೆ ಅದು ವಿಚಿತ್ರವೆನಿಸಲಿಲ್ಲವಂತೆ. ತನ್ನ ಊರೂ ನದಿಯ ಬಾಯಲ್ಲೇ ಇರುವುದು, ಅಲ್ಲೂ ಹೀಗೆ ಜಾಗ ಬಿಡುವವರಿದ್ದಾರೆ ಎಂದ. ಮಧ್ಯಾಹ್ನ ಜೆಲ್ಮಿನಾ ಹೋಗಿ ನೋಡಿದಾಗ ಶಾಲು ಅಲ್ಲಿರಲಿಲ್ಲ. “ಗಾಳಿ ಇರ್ಬೇಕು,” ಎನ್ನುತ್ತಾರೆ. ಆ ದಿನ ಗಾಳಿಯಿತ್ತೇ ಎಂದು ನಾನು ಕೇಳಲಿಲ್ಲ. ಅಂಥ ಮಂಜಿನ ದಿನ ನಮ್ಮ ಕಡೆ ಎಲೆಯೂ ಅಲುಗುವುದಿಲ್ಲ.

ಅರ್ತೇಮಿಯೊ ಬಂದದ್ದು ಅದರ ಮರುದಿನ. ಈ ಸಲವೂ ಅವರ ಹೊಲದ ಒಂದು ಪಟ್ಟಿ ಮುಳುಗಿತ್ತು. ಜಗಳಕ್ಕೇ ಬಂದರು ಎಂದುಕೊಂಡು ಜೆಲ್ಮಿನಾ ಬಾಗಿಲಲ್ಲೇ ನಿಂತರು. ಅವರು ಒಳಗೆ ಬರಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ. ಗೋಡೆಗೆ ಒರಗಿಸಿದ್ದ ಇನ್ನೊಂದು ಕುಂಟೆ ತೆಗೆದುಕೊಂಡು ಸಲಾಕೆ ಬಳಿಯತೊಡಗಿದರು.

“ಹಾಗಲ್ಲ ಅದು ಹಿಡಿಯೋದು, ದಡ್ಡ,” ಎಂದರಂತೆ ಜೆಲ್ಮಿನಾ. “ನೀನೂ ನೀರಿಗೆ ಬಿದ್ರೆ ನಂಗೆ ಇನ್ನೊಂದು ಹೆಣದ ಕೆಲಸ.”

“ಬಿದ್ರೆ ಕರೀತೀನಿ ಬಿಡು. ಹೇಗೂ ನಿಂಗೆ ಕೇಳಿಸುತ್ತಲ್ಲ.”

ಈಗಲೂ ಮಳೆಯ ಮಾರನೆಯ ದಿನ ಅವರು ಬರುತ್ತಾರೆ. ಅಂಗಡಿ ಮೆಟ್ಟಿಲಿನಿಂದ ಯಾರೂ ಕೂಗುವುದಿಲ್ಲ. ಜೆಲ್ಮಿನಾ ಮತ್ತೆ ಊರಲ್ಲೇ ಬ್ರೆಡ್ಡು ಕೊಳ್ಳುತ್ತಾರೆ. ವಿಚಾರಣೆಗೆ ಬಂದ ಅಧಿಕಾರಿಯೂ ಒಳ್ಳೆಯವನಿದ್ದ, ಸಮಾಧಾನದಿಂದ ಕೇಳಿದ. ಯಾಕೆ ನಿಲ್ಲಿಸಿದಿರಿ? ಯಾರೋ ಕರೆದರು. ಯಾರು? ಗೊತ್ತಿಲ್ಲ. ಅವನು ಕಿಟಕಿಯ ಆಚೆಯ ಮಂಜನ್ನೊಮ್ಮೆ ನೋಡಿ, ಒಬ್ಬ ಮನುಷ್ಯನ ಜೀವ ಉಳಿಸಲು ನಿಲ್ಲಿಸಿದರು ಎಂದು ಬರೆದುಕೊಂಡು ಹೋದ. ಕೆಲಸ ಉಳಿಯಿತು.

ಆಮೇಲೆ ಆ ದನಿ ಕೇಳಿಸಿತೇ ಎಂದು ಕೇಳಿದೆ.

“ಇಲ್ಲ. ಕಾಲುವೆ ಕಡೆಯಿಂದ ಕೇಳಿಸಿಲ್ಲ,” ಎಂದರು ಜೆಲ್ಮಿನಾ. “ಅಮ್ಮ ಮಾತ್ರ ಅಡುಗೆಮನೇಲಿ ಒಬ್ರೇ ಇದ್ದಾಗ ಮಾತಾಡ್ತಿರ್ತಾರೆ. ವಯಸ್ಸಾಯ್ತಲ್ಲ.”

ಹೊರಡುವ ಮುನ್ನ ಹೇಳಿ ಹೋಗೋಣವೆಂದು ನಾನು ಅಡುಗೆಮನೆಗೆ ಇಣುಕಿದೆ. ಅಜ್ಜಿ ನನಗೆ ಬೆನ್ನು ಮಾಡಿ ಒಲೆಯತ್ತ ನೋಡುತ್ತಾ ಕೂತಿದ್ದರು. ಪಕ್ಕದಲ್ಲಿ ಇನ್ನೊಂದು ಕುರ್ಚಿ, ಬೆಂಕಿಗೆ ಹತ್ತಿರ. ಬರುವಾಗ ಅದು ಗೋಡೆಯ ಬಳಿ ಇತ್ತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

“ಇದೀನಿ,” ಎಂದರು ನೀವೆಸ್ ಮೆಲ್ಲಗೆ, ನನ್ನ ಕಡೆಗಲ್ಲ. “ಇಲ್ಲೇ ಇದೀನಿ.”

ನಾನು ಹೇಳದೆಯೇ ಹೊರಗೆ ಬಂದೆ.

ಬರುವ ವರ್ಷ ಕಾ ಮರ್ಜೋನಕ್ಕೆ ಹೊಸ ಪಂಪುಗಳು ಬರುತ್ತವೆ. ನೀರು ಏರಿದರೆ ತಾವೇ ಓಡುತ್ತವೆ, ಇಳಿದರೆ ತಾವೇ ನಿಲ್ಲುತ್ತವೆ, ಸಲಾಕೆಯನ್ನೂ ಯಂತ್ರವೇ ಬಳಿಯುತ್ತದೆ. ನೋಡಿಕೊಳ್ಳುವುದು ರೋವಿಗೊ ನಗರದಿಂದ, ಪರದೆಯ ಮೇಲೆ. ಜೆಲ್ಮಿನಾರಿಗೆ ಬೇಸರವಿಲ್ಲ. ಬೆನ್ನು ನೋಯುತ್ತದೆ, ಸಾಕಾಗಿದೆ ಎನ್ನುತ್ತಾರೆ. ತಾಯಿ, ಮಗಳು ಇರುವವರೆಗೆ ಮನೆ ಅವರಿಗೇ ಎಂದು ಮೇಲಿನವರು ಮಾತು ಕೊಟ್ಟಿದ್ದಾರೆ. ಅಳತೆಗೆ ಬಂದಿದ್ದ ಕೆಲಸಗಾರರ ಬಳಿ ಜೆಲ್ಮಿನಾ ಒಂದೇ ಒಂದು ಕೋರಿಕೆ ಇಟ್ಟರಂತೆ. ಏನದು ಎಂದೆ.

ಅವರು ಕುಂಟೆಯನ್ನು ಗೋಡೆಗೆ ಒರಗಿಸಿ, ಒದ್ದೆ ಕೈಗಳನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡರು.

“ಓಡಿಸೋದನ್ನ ಅವರು ಎಲ್ಲಿಂದಾದ್ರೂ ಓಡಿಸ್ಕೊಳ್ಲಿ. ನಿಲ್ಲಿಸೋಕೆ ಮಾತ್ರ ಈ ಗೋಡೆ ಮೇಲೆ ಒಂದು ಗುಂಡಿ ಇಡಿ ಅಂದೆ. ಹೆಂಗಸರ ಕೈಗೆ ಎಟುಕೋ ಎತ್ತರದಲ್ಲಿ.”